ಬೆಳ್ಳುಳ್ಳಿ ಕೋಣೆಯ ಕೌಸಲ್ಯಾ

ಕೌಸಲ್ಯಾಳ ಮೂಗು ನೋಡುವುದಕ್ಕೆ ಅಷ್ಟೇನೂ ದೊಡ್ಡದಲ್ಲ. ಆದರೆ ಅದರ ಆಳ್ವಿಕೆಗೆ ಒಳಪಟ್ಟ ಪ್ರದೇಶ ದೊಡ್ಡದು. ಸಿಯಾಟಲ್ ಹತ್ತಿರದ ಈಸ್ಟ್‌ಗೇಟಿನ ಅಪಾರ್ಟ್‌ಮೆಂಟಿನಲ್ಲಿದ್ದ ಕಾಲದಲ್ಲಿ ಮೇಲಿನ ಮಹಡಿಯ ಸಲ್ಮಾಳ ಬಿರಿಯಾನಿ ತಳ ಹತ್ತುವುದಕ್ಕೆ ಮೊದಲೇ ಕೆಳಗಿನಿಂದ ಫೋನ್ ಹೋಗುತ್ತಿತ್ತು.

"ಸಲ್ಮಾ, ಉರಿ ಸಣ್ಣ ಮಾಡು."

ಸಲ್ಮಾ ಓಡಿಹೋಗಿ ಮುಚ್ಚಳ ತೆಗೆದರೆ, ಹೌದು, ಇನ್ನೊಂದು ಗಳಿಗೆ ಬಿಟ್ಟಿದ್ದರೆ ಕೆಟ್ಟಿತ್ತು. ಜನ್ಮದಲ್ಲಿ ಮಾಂಸ ಮುಟ್ಟದ, ಮೈಸೂರಿನ ಅಗ್ರಹಾರದ ಹೆಣ್ಣುಮಗಳೊಬ್ಬಳು ಅದೇ ಮೈಸೂರಿನ ಇನ್ನೊಂದು ಮೊಹಲ್ಲಾದ ಬಿರಿಯಾನಿಯನ್ನು ಅಮೆರಿಕದಲ್ಲಿ ಕೂತು ಕಾಪಾಡುತ್ತಿದ್ದಳು. ಇಂಥ ಪರಾಕ್ರಮಕ್ಕೆ ಹಿಂದಿನವರಾಗಿದ್ದರೆ ಕಲ್ಲಿನ ಮೇಲೆ ಶಾಸನ ಕೆತ್ತಿಸುತ್ತಿದ್ದರು. ಸಲ್ಮಾ ಒಂದು ಡಬ್ಬಿ ಶ್ಯಾವಿಗೆ ಪಾಯಸ ಕಳಿಸುತ್ತಿದ್ದಳು.

ಈ ಮೂಗಿನ ಹಿಂದೆ ಒಂದು ವಂಶದ ತಪಸ್ಸಿತ್ತು. ಕೌಸಲ್ಯಾಳ ತೌರಿನಲ್ಲಿ ಅಡುಗೆ ಮಾಡುವಾಗ ರುಚಿ ನೋಡುವಂತಿಲ್ಲ. ದೇವರ ಮುಂದಿಡುವುದಕ್ಕೆ ಮೊದಲು ನಾಲಿಗೆಗೆ ತಾಗಿಸಿದರೆ ಇಡೀ ಪಾತ್ರೆ ಎಂಜಲು. ಹಾಗಾಗಿ ಆ ಮನೆಯ ಹೆಂಗಸರು ಕುದಿಯುವ ಸಾರಿನ ಹಬೆಗೆ ಮುಖವೊಡ್ಡಿ ಉಪ್ಪಿನ ಹದ ಹೇಳುವ ವಿದ್ಯೆಯನ್ನು ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ದಾಟಿಸುತ್ತ ಬಂದಿದ್ದರು. ಉಪ್ಪಿಗೆ ವಾಸನೆಯೇ ಇಲ್ಲ ಅನ್ನುತ್ತದೆ ರಸಾಯನಶಾಸ್ತ್ರ. ಆ ಶಾಸ್ತ್ರ ಬರೆದವರು ಯಾರೂ ಆ ಅಡುಗೆಮನೆಗೆ ಕಾಲಿಟ್ಟವರಲ್ಲ.

ಗಂಡ ನಾಣಿಯ ಉದ್ಯೋಗ ಅಲ್ಲೇ ಪಕ್ಕದ ಫ್ಯಾಕ್ಟೋರಿಯಾದ ಒಂದು ಆಫೀಸಿನಲ್ಲಿ ತಪ್ಪು ಹುಡುಕುವುದು. ಬೇರೆಯವರು ಬರೆದ ಸಾಫ್ಟ್‌ವೇರನ್ನು ಜಾಲಾಡಿ, ಎಲ್ಲಿ ಮುರಿಯುತ್ತದೆ ಎಂದು ತೋರಿಸಿ, ಬರೆದವರ ಮುಖ ಸಣ್ಣದು ಮಾಡಿಸುವ ಈ ಕೆಲಸದಲ್ಲಿ ಅವನು ಭೀಕರನೆಂದು ಹೆಸರು ಮಾಡಿದ್ದ. ಅದೇ ನಾಣಿ ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ ಮೂಕ. ಊಟಕ್ಕೆ ಕೂತಾಗ ಅನ್ನಕ್ಕೆ ಹೆಸರಿಡಬಾರದು ಎಂದು ಅವನ ಅಪ್ಪ ಕಲಿಸಿದ್ದರು. ಚೆನ್ನಾಗಿದ್ದರೂ ಬಾಯಿಬಿಡುವಂತಿಲ್ಲ, ಹೊಗಳುವವನು ನಾಳೆ ತೆಗಳಿಯಾನು. ಮದುವೆಯಾದ ಹೊಸತರಲ್ಲಿ ಕೌಸಲ್ಯಾ ಬೇಕೆಂದೇ ಒಂದು ದಿನ ಬೇಳೆಯೇ ಇಲ್ಲದ ಹುಳಿ ಮಾಡಿ ಬಡಿಸಿ ನೋಡಿದಳಂತೆ. ನಾಣಿ ಎರಡು ಸಲ ಹಾಕಿಸಿಕೊಂಡು ಎದ್ದ. ಅಂದಿನಿಂದ ಆಕೆ ಕೇಳುವುದನ್ನೇ ಬಿಟ್ಟಳು.

ಮಕ್ಕಳಿರಲಿಲ್ಲ. ಐವತ್ತು ದಾಟಿದ ಮೇಲೆ ನಾಣಿ ತಪ್ಪು ಹುಡುಕುವ ಕೆಲಸಕ್ಕೆ ರಾಜೀನಾಮೆ ಕೊಟ್ಟ. ೨೦೧೨ರಲ್ಲಿ ಇಬ್ಬರೂ ಸ್ನೊಕ್ವಾಲ್ಮಿಯ ಹೊಸ ಬಡಾವಣೆಯನ್ನು ದಾಟಿ, ಗುಡ್ಡ ಇಳಿದು, ನದಿ ಬಯಲಿನಲ್ಲಿ ಒಂದು ಹಳೆಯ ತೋಟದ ಮನೆ ಕೊಂಡರು. ಒಂದು ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು, ಅವರಿಗೆ ಅಡುಗೆ ಮಾಡಿ ಹಾಕಬೇಕು ಅನ್ನುವುದು ಕೌಸಲ್ಯಾಳ ಆಸೆ. ಇಷ್ಟು ವರ್ಷ ಒಬ್ಬ ಮೂಕನಿಗೆ ಬಡಿಸಿ ಬೇಸತ್ತಿದ್ದಳೇನೋ.

ಮನೆ ಮಾರಿದವಳು ಡೀನಾ ಎಂಬ ಎಂಬತ್ತರ ಮುದುಕಿ. ಅವಳ ತಾತ ಉತ್ತರ ಇಟಲಿಯಿಂದ ಬಂದು ಈ ಗುಡ್ಡಗಳ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಮನೆ ಮಾರಿದರೂ ಡೀನಾ ಅದರ ಮೇಲಿನ ಅಧಿಕಾರ ಮಾರಿರಲಿಲ್ಲ. ಅದೇ ರಸ್ತೆಯ ಕೊನೆಯಲ್ಲಿ ಚಿಕ್ಕ ಮನೆ ಮಾಡಿಕೊಂಡು ದಿನಾ ಬೆಳಗ್ಗೆ ತನಿಖೆಗೆ ಬರುತ್ತಿದ್ದಳು. ಹಿಂಬದಿಯ ಉದ್ದನೆಯ ಕೋಣೆಗೆ ಕೌಸಲ್ಯಾ ಹೂವಿನ ಚಿತ್ರದ ಕಾಗದ ಅಂಟಿಸಲು ಹೊರಟಾಗ ಮುದುಕಿ ಬಾಗಿಲಿಗೆ ಅಡ್ಡ ನಿಂತಳು.

"ಇದು ಬೆಳ್ಳುಳ್ಳಿ ಕೋಣೆ. ನಮ್ಮಜ್ಜಿ ಬೆಳ್ಳುಳ್ಳಿ ಜಡೆ ನೇತುಹಾಕುತ್ತಿದ್ದ ಕೊಕ್ಕೆ ನೋಡು, ಇನ್ನೂ ಇದೆ. ಅಣಬೆ ಒಣಗುತ್ತಿದ್ದದ್ದು ಅಲ್ಲಿ. ದ್ರಾಕ್ಷಿ ಹಿಂಡುತ್ತಿದ್ದದ್ದು ಇಲ್ಲಿ. ಗೋಡೆ ಮೂಸಿ ನೋಡು, ನಿನಗೇ ಗೊತ್ತಾಗುತ್ತೆ."

ಕೌಸಲ್ಯಾ ಗೋಡೆಗೆ ಮೂಗು ತಾಗಿಸಿ ಕಣ್ಣು ಮುಚ್ಚಿದಳು. "ಬೆಳ್ಳುಳ್ಳಿ ಇದೆ. ಹುಳಿಬಂದ ದ್ರಾಕ್ಷಿ ಇದೆ. ಆಮೇಲೆ... ಇಲ್ಲಿ ಯಾರೋ ಪೈಪು ಸೇದ್ತಿದ್ರು."

"ನಮ್ಮ ತಾತ!" ಎಂದಳು ಡೀನಾ. "ಅವನು ಸತ್ತು ಐವತ್ತು ವರ್ಷದ ಮೇಲಾಯಿತು."

ಅಲ್ಲಿಗೆ ಹೂವಿನ ಕಾಗದ ಕಪಾಟು ಸೇರಿತು. ಕೋಣೆ ಡೀನಾಳ ಅಜ್ಜಿಯ ಕಾಲಕ್ಕೆ ಮರಳಿತು. ತೊಲೆಯಿಂದ ಬೆಳ್ಳುಳ್ಳಿ ಜಡೆಗಳು ಇಳಿಬಿದ್ದವು, ದಾರಕ್ಕೆ ಪೋಣಿಸಿದ ಅಣಬೆಗಳು ಕಿಟಕಿಗೆ ತೋರಣವಾದವು. ಮಂಚದ ಪಕ್ಕದ ಮೇಜಿನ ಮೇಲೆ ಅಗಲವಾದ ಒಂದು ಮರದ ಹಲಗೆ. ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತಿರುವಿ ಬಿಸಿಬಿಸಿಯಾಗಿ ಆ ಹಲಗೆಯ ಮೇಲೆ ಸುರಿಯುವುದು, ನಡುವೆ ಹುರುಳಿಕಾಯಿ ಬೀಜದ ಪಲ್ಯವೋ ಅಣಬೆಯ ಗೊಜ್ಜೋ ಹಾಕುವುದು, ಸುತ್ತ ಕೂತವರು ತಮ್ಮ ತಮ್ಮ ಅಂಚಿನಿಂದ ತಿನ್ನುತ್ತ ನಡುವಿಗೆ ಬರುವುದು. ಇದು ಗಣಿ ಕೆಲಸದವರ ಪದ್ಧತಿ. ಒಂದೇ ಹಲಗೆಯಲ್ಲಿ ನಾಲ್ಕು ಜನರ ಎಂಜಲು! ಕೌಸಲ್ಯಾ ಒಂದು ದಿನ ಯೋಚಿಸಿ, ಮರುದಿನದಿಂದ ದಾರ ಹಿಡಿದು ಆ ಹಿಟ್ಟಿನ ರಾಜ್ಯವನ್ನು ಅಚ್ಚುಕಟ್ಟಾಗಿ ಹೋಳು ಮಾಡಿ, ನಡುವೆ ಗಡಿ ಬಿಟ್ಟು ಬಡಿಸತೊಡಗಿದಳು. ಅತಿಥಿಗಳು ಅದನ್ನೂ ಇಟಲಿಯ ಪುರಾತನ ಸಂಪ್ರದಾಯವೆಂದು ಫೋಟೊ ತೆಗೆದುಕೊಂಡರು.

ಇಬ್ಬರು ಅಡುಗೆಯವರ ನಡುವೆ ಮಹಾಯುದ್ಧವಾದದ್ದು ಸೌಟಿನ ವಿಷಯಕ್ಕೆ. ಡೀನಾ ಪ್ರತಿ ಹೆಜ್ಜೆಗೂ ಮರದ ಚಮಚ ಅದ್ದಿ, ನೆಕ್ಕಿ, ಅದನ್ನೇ ಮತ್ತೆ ಪಾತ್ರೆಗೆ ಅದ್ದುವವಳು. ಕೌಸಲ್ಯಾ ಮೊದಲ ದಿನ ಅದನ್ನು ಕಂಡು ಕುರ್ಚಿ ಹಿಡಿದುಕೊಂಡಳು.

"ರುಚಿ ನೋಡದೆ ಅಡುಗೆ ಮಾಡುವುದು ಕಣ್ಣು ಮುಚ್ಚಿ ಕಾರು ಓಡಿಸಿದ ಹಾಗೆ" ಎಂದಳು ಡೀನಾ.

"ನನ್ನ ಕಣ್ಣು ಮೂಗಿನಲ್ಲಿದೆ" ಎಂದಳು ಕೌಸಲ್ಯಾ. "ನಿಮ್ಮ ಪಾತ್ರೆಗೆ ಇನ್ನೊಂದು ಚಿಟಿಕೆ ಉಪ್ಪು ಬೇಕು."

ಡೀನಾ ನೆಕ್ಕಿ ನೋಡಿದಳು. ಬೇಕಿತ್ತು. ಮುದುಕಿ ಇಟಾಲಿಯನ್ನಿನಲ್ಲಿ ಏನೋ ಬೈದು ಶರಣಾದಳು. ಸಂಧಾನದ ಪ್ರಕಾರ ಡೀನಾ ಅಂಗೈಗೆ ಹೊಯ್ದುಕೊಂಡು ನೆಕ್ಕಬಹುದು, ಸೌಟು ಮಾತ್ರ ಶುದ್ಧವಾಗಿರಬೇಕು.

ಬೆಳ್ಳುಳ್ಳಿಯೇ ಬಾರದ ಮನೆಯಲ್ಲಿ ಹುಟ್ಟಿದ ಕೌಸಲ್ಯಾ ಬೆಳ್ಳುಳ್ಳಿಯ ಮಹಾರಾಣಿಯಾದಳು. ಆದರೆ ಅದನ್ನು ತಾನು ತಿನ್ನಲಿಲ್ಲ. ಎಣ್ಣೆಯಲ್ಲಿ ಬೆಳ್ಳುಳ್ಳಿಯೂ ಉಪ್ಪುಮೀನೂ ಕರಗಿಸಿ, ಅದರಲ್ಲಿ ತರಕಾರಿ ಅದ್ದಿ ತಿನ್ನುವ ಒಂದು ತಿನಿಸು ಡೀನಾಳ ಮನೆಯಲ್ಲಿ ಚಳಿಗಾಲದ ಹಬ್ಬವಂತೆ. ಮೀನಿನ ಬದಲು ಕೌಸಲ್ಯಾ ಊರಿನಿಂದ ತಂದಿದ್ದ ಮಾಗಳಿಬೇರಿನ ಉಪ್ಪಿನಕಾಯಿಯನ್ನು ಅರೆದು ಹಾಕಿದಳು. ಮಾಗಳಿಬೇರಿನ ವಾಸನೆ ಬಲ್ಲವರಿಗೆ ಇದರ ಸಾಹಸ ಅರ್ಥವಾದೀತು, ಅದಕ್ಕೆ ಹೆದರಿ ಮನೆ ಬಿಟ್ಟ ಅಳಿಯಂದಿರಿದ್ದಾರೆ. ಡೀನಾ ಅಂಗೈಯನ್ನು ಎರಡು ಸಲ ನೆಕ್ಕಿದಳು. ಆಮೇಲೆ, "ನಮ್ಮಮ್ಮ ಮಾಡಿದ ಹಾಗಿದೆ, ಹುಡುಗಿ" ಎಂದಳು. ಅರವತ್ತರ ಹತ್ತಿರ ಬಂದ ಕೌಸಲ್ಯಾಳನ್ನು ಹುಡುಗಿ ಎಂದು ಕರೆಯುವ ಏಕೈಕ ಪ್ರಾಣಿ ಅವಳು.

ಎರಡು ಮೂರು ವರ್ಷ ಕೋಣೆ ಖಾಲಿಯಿರುತ್ತಿರಲಿಲ್ಲ. ಪಟ್ಟಣದಿಂದ ಬಂದವರು ನದಿ ನೋಡಿ, ಜಲಪಾತ ನೋಡಿ, ಹಲಗೆಯ ಸುತ್ತ ಕೂತು, ಮಾತು ಮರೆತು ತಿನ್ನುತ್ತಿದ್ದರು. ಹೋಗುವಾಗ ಕೌಸಲ್ಯಾಳ ಕೈ ಹಿಡಿದುಕೊಂಡು ಹೊಗಳುತ್ತಿದ್ದರು. ನಾಣಿ ಬಾಗಿಲ ಬಳಿ ಸೂಟ್‌ಕೇಸು ಹಿಡಿದು ನಿಂತು, ತನ್ನ ಅಪ್ಪನ ಅಪ್ಪಣೆಯ ಹಂಗಿಲ್ಲದ ಈ ಜನರನ್ನು ಸ್ವಲ್ಪ ಅಸೂಯೆಯಿಂದಲೇ ನೋಡುತ್ತಿದ್ದ.

೨೦೧೫ರ ಅಕ್ಟೋಬರಿನಲ್ಲಿ, ಚಳಿ ಶುರುವಾಗುವ ಹೊತ್ತಿಗೆ, ಡೀನಾ ಸೊಂಟದ ಆಪರೇಷನ್ನಿಗೆಂದು ಅರಿಜೋನಾದ ಮಗನ ಮನೆಗೆ ಹೋದಳು. ಅವಳು ಹೋದ ಮೇಲೆ ಸಾರಿನಲ್ಲಿ ಉಪ್ಪು ಏರತೊಡಗಿತು.

ಮೊದಲು ಸ್ವಲ್ಪ. ಆಮೇಲೆ ನಾಣಿಯ ತುಟಿ ಉರಿಯುವಷ್ಟು. ಸಾಫ್ಟ್‌ವೇರಿನಲ್ಲಿ ಕೂದಲೆಳೆಯ ದೋಷ ಹಿಡಿಯುತ್ತಿದ್ದ ಮನುಷ್ಯನಿಗೆ ಇದು ತಿಳಿಯದೆ ಇರುತ್ತದೆಯೇ? ತಿಳಿಯಿತು. ಅವನು ಅದನ್ನು ಕೂಲಂಕಷವಾಗಿ ಪರಿಶೀಲಿಸಿ ಒಂದು ತೀರ್ಮಾನಕ್ಕೂ ಬಂದ. ಕೌಸಲ್ಯಾ ತನ್ನ ಮೇಲೆ ಕೋಪಗೊಂಡಿದ್ದಾಳೆ. ಬಾಯಿಬಿಟ್ಟು ಹೇಳಲಾರದ್ದನ್ನು ಸಾರಿನಲ್ಲಿ ಹೇಳುತ್ತಿದ್ದಾಳೆ. ಅವನ ಅಮ್ಮನೂ ಹೀಗೇ ಹೇಳುತ್ತಿದ್ದವಳು. ಅಮ್ಮ ಮುನಿದ ವಾರ ಮನೆಯಲ್ಲಿ ಖಾರ ಏರುತ್ತಿತ್ತು, ಅಪ್ಪ ಬೆವರು ಒರೆಸಿಕೊಳ್ಳುತ್ತ ಉಂಡು, ಸಂಜೆ ಮಲ್ಲಿಗೆ ತರುತ್ತಿದ್ದರು.

ಸಾಕ್ಷ್ಯಗಳೂ ಒದಗಿದವು. ಎಂದೂ ಗದರದ ಕೌಸಲ್ಯಾ ಸಣ್ಣದಕ್ಕೆಲ್ಲ ಸಿಡುಕುತ್ತಿದ್ದಳು. ಒಂದು ದಿನ ಪಾತ್ರೆ ಹೊಗೆಯಾಡುತ್ತಿದ್ದರೂ ಪಕ್ಕದಲ್ಲೇ ನಿಂತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಡುಗೆಯನ್ನೇ ಸುಡುವಷ್ಟು ಕೋಪ! ನಾಣಿ ಶಾಂತಿ ಮಾಡಿಸಲು ಹೊರಟ. ಗಟಾರ ಶುದ್ಧ ಮಾಡಿದ, ಮಲ್ಲಿಗೆ ಸಿಗದ ಊರಿನಲ್ಲಿ ಬಿಳಿ ಗುಲಾಬಿ ತಂದ, ಬೆಂಗಳೂರಿನಿಂದ ಬರುವವರ ಕೈಯಲ್ಲಿ ಮೈಸೂರು ಸಿಲ್ಕ್ ಸೀರೆ ತರಿಸಿದ.

"ಏನ್ರೀ ಇದೆಲ್ಲ?" ಎಂದಳು ಕೌಸಲ್ಯಾ.

"ಏನಿಲ್ಲ, ಸುಮ್ನೆ. ಇಷ್ಟ ಆಯ್ತಾ?"

"ಇಷ್ಟ ಆಗದೇ ಏನು. ನಿಮಗೆ ಈಗ ಹೊಸದಾಗಿ ಬುದ್ಧಿ ಬಂದಿದೆ."

ಮರುದಿನ ಸಾರು ಇನ್ನೂ ಉಪ್ಪು. ಸೀರೆಯ ಬಣ್ಣ ಸರಿಹೋಗಲಿಲ್ಲ ಎಂದುಕೊಂಡ ನಾಣಿ.

ಅತಿಥಿಗಳು? ಇಲ್ಲಿನವರ ಸೌಜನ್ಯ ಲೋಕೋತ್ತರವಾದದ್ದು. ಕಾಲು ತುಳಿದರೆ ತುಳಿಸಿಕೊಂಡವರೇ ಕ್ಷಮೆ ಕೇಳುವ ಊರು. ಅವರು ಹೂಜಿಗಟ್ಟಲೆ ನೀರು ಕುಡಿದು, ಕಣ್ಣಿನಲ್ಲಿ ನೀರು ತುಂಬಿಕೊಂಡು, 'ಇದು ನಿಜವಾದ ಹಳ್ಳಿಯ ರುಚಿ, ಗಣಿಯಲ್ಲಿ ಬೆವರು ಹರಿಸಿದವರ ಊಟ' ಎಂದು ಇಂಟರ್‌ನೆಟ್ಟಿನಲ್ಲಿ ಬರೆದು ಐದು ನಕ್ಷತ್ರ ಕೊಟ್ಟರು. ಎರಡನೆಯ ಸಲ ಮಾತ್ರ ಬರಲಿಲ್ಲ. ಒಂದು ಭಾನುವಾರ ಸಲ್ಮಾ ಗಂಡನೊಂದಿಗೆ ಬಂದು ಉಂಡು ಹೋದಳು. ದಾರಿಯಲ್ಲಿ ಗಂಡನಿಗೆ ಹೇಳಿದಳಂತೆ, ಅವನು, "ಅವರ ಮನೇಲಿ ಏನೋ ನಡೀತಿರಬೇಕು, ನಾವ್ಯಾಕೆ ಬಾಯಿ ಹಾಕೋದು" ಎಂದನಂತೆ.

ಹೀಗೆ ಮೈಸೂರಿನ ಮರ್ಯಾದೆಯೂ ಸಿಯಾಟಲಿನ ಸೌಜನ್ಯವೂ ಕೂಡಿ ಒಂದು ಕೋಟೆ ಕಟ್ಟಿದವು. ಇಡೀ ಚಳಿಗಾಲ ಒಂದು ನಿಜದ ಮಾತೂ ಆ ಕೋಟೆಯೊಳಗೆ ನುಸುಳಲಿಲ್ಲ.

ಏಪ್ರಿಲ್‌ನಲ್ಲಿ ಡೀನಾ ಊರುಗೋಲು ಕುಟ್ಟುತ್ತ ಬಂದಳು. ನೇರ ಅಡುಗೆಮನೆಗೆ ನುಗ್ಗಿ, ಒಲೆಯ ಮೇಲಿದ್ದದ್ದನ್ನು ಸಂಧಾನದ ಪ್ರಕಾರವೇ ಅಂಗೈಗೆ ಹೊಯ್ದುಕೊಂಡು ನೆಕ್ಕಿದಳು. ಸಿಂಕಿಗೆ ಉಗಿದಳು.

"ಯಾರು ಮಾಡಿದ್ದು ಇದನ್ನು?"

"ನಾನೇ. ಇನ್ಯಾರು?"

"ಹುಡುಗಿ, ಇದನ್ನು ಹಂದಿಯೂ ತಿನ್ನುವುದಿಲ್ಲ."

ಕೌಸಲ್ಯಾ ಸೌಟನ್ನು ಕೆಳಗಿಟ್ಟಳು. ನಾಣಿ ಬಾಗಿಲಿಗೆ ಬಂದು ನಿಂತ. ಡೀನಾ ಬೆಳ್ಳುಳ್ಳಿ ಕೋಣೆಯ ತೊಲೆಯಿಂದ ಒಂದು ಗೆಡ್ಡೆ ಕಿತ್ತು ತಂದು, ಎಸಳು ಸುಲಿದು, ಹಿಚುಕಿದಳು. "ಕಣ್ಣು ಮುಚ್ಚು" ಎಂದು ಕೌಸಲ್ಯಾಳ ಮೂಗಿನ ಕೆಳಗೆ ಹಿಡಿದಳು. ಹೊರಗೆ ಅಂಗಳದಲ್ಲಿ ನಿಂತವರಿಗೂ ಬಡಿಯುವಂಥ ಘಾಟು.

ಕೌಸಲ್ಯಾ ಕಣ್ಣು ಮುಚ್ಚಿಕೊಂಡು ಕಾದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು. "ಹಿಡಿದ್ರಾ?"

ಡೀನಾ ಮುಖ ತಿರುಗಿಸಿಕೊಂಡಳು.

"ಶೀತ ಆಗಿತ್ತು ನಂಗೆ" ಎಂದಳು ಕೌಸಲ್ಯಾ, ಯಾರನ್ನೂ ನೋಡದೆ. "ದಸರಾ ಹೊತ್ತಿಗೆ ಶುರುವಾಗಿದ್ದು. ಹೋಗುತ್ತೆ ಅಂದ್ಕೊಂಡೆ. ಏನು ತಿಂದ್ರೂ ಸಪ್ಪೆ ಅನ್ಸೋದು. ಸಪ್ಪೆ ಅನ್ಸಿದ್ರೆ ಮರುದಿನ ಒಂಚೂರು ಜಾಸ್ತಿ ಹಾಕ್ತಿದ್ದೆ." ಆಮೇಲೆ ನಾಣಿಯ ಕಡೆ ತಿರುಗಿದಳು. "ನೀವು ಏನೂ ಹೇಳ್ಲಿಲ್ವಲ್ಲ. ಬಂದವರೂ ಹೇಳ್ಲಿಲ್ಲ. ಸರಿಯಾಗೇ ಇದೆ, ಕೈಗೆ ಅಭ್ಯಾಸ ಇದೆ, ಮೂಗು ಇಲ್ದಿದ್ರೂ ನಡೆಯುತ್ತೆ ಅಂದ್ಕೊಂಡಿದ್ದೆ."

"ನೀನು ಕೋಪ ಮಾಡ್ಕೊಂಡಿದೀಯ ಅಂದ್ಕೊಂಡೆ" ಎಂದ ನಾಣಿ.

"ಕೋಪಾನಾ? ಯಾಕೆ?"

"ಅದೇ ಗೊತ್ತಾಗ್ಲಿಲ್ಲ. ಅದಕ್ಕೇ ಸೀರೆ ತರಿಸ್ದೆ."

ಕೌಸಲ್ಯಾ ನಕ್ಕಳು. ಗಂಡನ ಮೂರ್ಖತನಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಡೀನಾ ಕಾರಣ ತಿಳಿಯದೆ ತಾನೂ ನಕ್ಕಳು. ನಗು ನಿಂತ ಮೇಲೆ ನಾಣಿ ಕಾರಿನ ಕೀಲಿ ತೆಗೆದುಕೊಂಡ.

ಆಸ್ಪತ್ರೆಯಲ್ಲಿ ಚಿತ್ರ ತೆಗೆದು ನೋಡಿದರು. ಮೂಗಿನ ಮೇಲ್ಭಾಗದಲ್ಲಿ, ಮೆದುಳಿನ ಅಡಿಯಲ್ಲಿ, ನಿಂಬೆಹಣ್ಣಿನಷ್ಟು ಒಂದು ಗಡ್ಡೆ. ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವಂಥದ್ದು. ಮೊದಲು ವಾಸನೆಯ ನರಗಳನ್ನು ನುಂಗಿ, ಈಗ ಬಲಗಣ್ಣಿನ ನರವನ್ನು ಅದುಮುತ್ತಿತ್ತು. ಸಿಡುಕಿಗೂ ಅದೇ ಕಾರಣ ಇರಬಹುದು ಎಂದರು.

"ಮೊದಲ ಬದಲಾವಣೆ ಯಾವಾಗ ಗಮನಕ್ಕೆ ಬಂತು?" ಎಂದು ಡಾಕ್ಟರು ಕೇಳಿದರು.

"ಅಕ್ಟೋಬರ್" ಎಂದ ನಾಣಿ.

ಡಾಕ್ಟರು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದರು, ಅವನ ಮುಖ ನೋಡಿದರು. ಅವರೂ ಇದೇ ಊರಿನವರು. ಏನೂ ಅನ್ನಲಿಲ್ಲ.

ಗಡ್ಡೆ ತೆಗೆದರು. ಜೀವ ಉಳಿಯಿತು. ಬಲಗಣ್ಣು ಉಳಿಯಲಿಲ್ಲ. ಇನ್ನಷ್ಟು ಮೊದಲೇ ಬಂದಿದ್ದರೆ ಎಂದು ಒಬ್ಬ ನರ್ಸು ಬಾಯಿತಪ್ಪಿ ಅಂದುಬಿಟ್ಟಳು. ವಾಸನೆಯಂತೂ ಇನ್ನೆಂದಿಗೂ ಇಲ್ಲ.

ತಲೆಗೆ ಸ್ಕಾರ್ಫು ಸುತ್ತಿಕೊಂಡು ಮನೆಗೆ ಬಂದ ಕೌಸಲ್ಯಾ ಅತ್ತು ಕೂರಲಿಲ್ಲ. ಬೇಸಿಗೆಯಲ್ಲಿ ಕೋಣೆ ಮತ್ತೆ ತೆರೆಯಬೇಕೆಂದಳು. "ಅಡುಗೆ ನಂದು. ಮೂಗು ನಿಮ್ದು" ಎಂದು ಗಂಡನಿಗೆ ಪಟ್ಟ ಕಟ್ಟಿದಳು.

ಅಲ್ಲಿಂದ ಶುರುವಾಯಿತು ನಾಣಿಯ ವಿದ್ಯಾಭ್ಯಾಸ. ಊಟದ ಮುಂದೆ ತುಟಿ ಬಿಚ್ಚದ ಮನುಷ್ಯ ಒಲೆಯ ಮುಂದೆ ಪರೀಕ್ಷೆಗೆ ನಿಂತ.

"ಹೇಳಿ, ಹೇಗಿದೆ ವಾಸನೆ?"

"ಚೆನ್ನಾಗಿದೆ."

"ಥೂ, ಅದು ಉತ್ತರಾನಾ? ಬೆಳ್ಳುಳ್ಳಿ ಹಸಿಯಾಗಿದೆಯೋ, ಬೆಂದಿದೆಯೋ?"

"ಬೆಂದ ಹಾಗಿದೆ."

"ಹಾಗಿದೆ ಅಂದ್ರೇನ್ರೀ? ಹಸೀದು ಕಣ್ಣಿಗೆ ಬರುತ್ತೆ, ಬೆಂದಿದ್ದು ಗಂಟಲಿಗೆ ಇಳಿಯುತ್ತೆ. ಎಲ್ಲಿಗೆ ಬಂತು?"

ನಾಣಿ ಮತ್ತೆ ಹಬೆಗೆ ಮುಖವೊಡ್ಡುತ್ತಿದ್ದ. ಕನ್ನಡಕ ಮಸುಕಾಗಿ, ಮೂಗಿನ ತುದಿ ಕೆಂಪಾಗಿ, "ಗಂಟಲಿಗೆ" ಎನ್ನುತ್ತಿದ್ದ. ಗೊತ್ತಾಗದಿದ್ದಾಗ ಊಹಿಸುತ್ತಿದ್ದ. ಊಹೆ ತಪ್ಪಿದರೆ ಆಕೆಗೆ ತಿಳಿಯುತ್ತಿತ್ತು. ಸಾಸಿವೆ ಸಿಡಿದು ಎಷ್ಟು ಹೊತ್ತಾಯಿತು, ಗುಳ್ಳೆ ಎಷ್ಟು ದೊಡ್ಡದು ಎಂದು ಒಂಟಿ ಕಣ್ಣಿನಲ್ಲಿ ನೋಡಿ, "ಸುಳ್ಳು. ಈಗ ಅಡಿಕೆ ಹುರಿದ ಹಾಗಿರ್ಬೇಕು, ಇನ್ನೊಂದ್ಸಲ ಮೂಸಿ" ಎನ್ನುತ್ತಿದ್ದಳು. ಮೂಸಿದರೆ ಹಾಗೆಯೇ ಇರುತ್ತಿತ್ತು. ಮೂಗು ಹೋದರೂ ವಾಸನೆಗಳೆಲ್ಲ ಆಕೆಯ ತಲೆಯಲ್ಲಿ ಒಪ್ಪವಾಗಿ ಕೂತಿದ್ದವು. ಡೀನಾ ಉಪ್ಪು ನೋಡಿ ಹೇಳುತ್ತಿದ್ದಳು, ನಾಣಿ ವಾಸನೆ ವರದಿ ಮಾಡುತ್ತಿದ್ದ, ಕೌಸಲ್ಯಾ ಇಬ್ಬರನ್ನೂ ತಿದ್ದುತ್ತಿದ್ದಳು. ಮೂರು ಜನ ಸೇರಿ ಒಂದು ಮೂಗಾಗಿ, ಆ ಬೇಸಿಗೆಯೂ ಮರು ಬೇಸಿಗೆಯೂ ಕೋಣೆಯನ್ನು ನಡೆಸಿದರು. ಬಂದವರು ಮತ್ತೆ ಬರತೊಡಗಿದರು.

ಗೋಡೆ ಮೂಸುವುದನ್ನೂ ನಾಣಿಗೆ ಹಚ್ಚಿದಳು. ಅತಿಥಿಗಳು ಹೋದ ಮೇಲೆ ಕೋಣೆಗೆ ಕರೆದೊಯ್ದು, "ಪೈಪಿನ ವಾಸನೆ ಇನ್ನೂ ಇದೆಯಾ ನೋಡಿ" ಎನ್ನುವಳು. ನಾಣಿಗೆ ಅದು ಎಂದೂ ಸಿಕ್ಕಿರಲಿಲ್ಲ. "ಇದೆ" ಎನ್ನುತ್ತಿದ್ದ. ಅದೊಂದನ್ನು ಮಾತ್ರ ಕೌಸಲ್ಯಾ ಪರೀಕ್ಷಿಸುತ್ತಿರಲಿಲ್ಲ.

೨೦೧೮ರ ಹೊತ್ತಿಗೆ ಡೀನಾ ಮಗನ ಮನೆಯಲ್ಲೇ ಉಳಿದಳು. ಉಪ್ಪಿನ ಅಧಿಕಾರವೂ ನಾಣಿಗೇ ಬಂತು. ಅಷ್ಟರಲ್ಲಿ ಅವನು ಕೆಟ್ಟ ಶಿಷ್ಯನೇನೂ ಆಗಿರಲಿಲ್ಲ. ಆದರೆ ಒಂದು ವಿಷಯ ಅವನ ಗಮನಕ್ಕೆ ಬಂದಿತ್ತು. ಕೌಸಲ್ಯಾ ತಿದ್ದುವುದು ಕಡಿಮೆಯಾಗುತ್ತಿತ್ತು. ತಾನು ಅಷ್ಟು ಜಾಣನಾದೆನೋ ಎಂದುಕೊಂಡ ಮೊದಲು. ಆದರೆ ಈ ಸಲ, ಆ ಉಪ್ಪಿನ ಚಳಿಗಾಲದ ಹಾಗೆ, ಸುಮ್ಮನೆ ತೀರ್ಮಾನ ಮಾಡಿಕೊಂಡು ಕೂರಲು ಅವನ ಮನಸ್ಸು ಒಪ್ಪಲಿಲ್ಲ. ತಪ್ಪು ಹುಡುಕುವವನಲ್ಲವೇ, ಪರೀಕ್ಷೆ ಮಾಡಿಬಿಟ್ಟ.

ಒಂದು ಬೆಳಗ್ಗೆ ಕೌಸಲ್ಯಾ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಹಾಕಿ, ಮಾಗಳಿಬೇರು ಅರೆದದ್ದನ್ನು ಸುರಿದಳು. ಇಡೀ ಮನೆ ಘಾಟು ಹಿಡಿಯಿತು.

"ಹೇಳಿ, ಹೇಗಿದೆ?"

ನಾಣಿ ಹಬೆಗೆ ಮುಖವೊಡ್ಡಿ, ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಯಾರೂ ಹೇಳಿರಲಾರದ ಸುಳ್ಳು ಹೇಳಿದ. "ಸಂಪಿಗೆ ಹೂವಿನ ಥರ ಇದೆ ಕಣೇ."

ಸೌಟಿನಿಂದ ಏಟು ಬೀಳುತ್ತದೆಂದು ಕಾದ. ಬಿದ್ದರೆ ಸಾಕು ಎಂದು ಕಾದ.

ಕೌಸಲ್ಯಾ ಬಾಣಲೆಯೊಳಗೆ ನೋಡುತ್ತ ನಿಂತಿದ್ದಳು. ಹುಬ್ಬು ಗಂಟಿಕ್ಕಿ ಏನನ್ನೋ ನೆನಪಿಸಿಕೊಳ್ಳಲು ಯತ್ನಿಸಿದಳು. ಕೈಗೆ ಸಿಗಲಿಲ್ಲ.

"ಹೌದಾ?" ಎಂದಳು. "ಹಾಗೇ ಇರ್ಬೇಕು ಅಲ್ವಾ ಅದು?"

"ಹೂಂ" ಎಂದ ನಾಣಿ. "ಹಾಗೇ ಇರ್ಬೇಕು."

"ಸಂಪಿಗೆ ಹೇಗಿರುತ್ತೆ, ಅದನ್ನ ಹೇಳಿ ಹಾಗಾದ್ರೆ."

ನಾಣಿ ಉರಿ ಸಣ್ಣ ಮಾಡಿದ. ಸ್ಟೂಲು ಎಳೆದು ಆಕೆಯನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಹೇಳಲು ಶುರುಮಾಡಿದ.